ಮೆದುಳಿನ ತುಣುಕಿಗೆ ವಿಳಾಸ ಬರೆಯುವುದು: ಅಂಗಾಂಶದ ನಕ್ಷೆ ತಯಾರಿಸುವ ಕೆಲಸ, ಹಂತ ಹಂತವಾಗಿ

ಗಾಜಿನ ಸ್ಲೈಡ್ ಮೇಲೆ ಮೆದುಳಿನ ಒಂದು ತೆಳು ಪದರ ಕೂತಿದೆ. ನೇರಳೆ ಬಣ್ಣ ಹಾಕಿದ್ದಾರೆ. ಸೂಕ್ಷ್ಮದರ್ಶಕದಲ್ಲಿ ಸಾವಿರಾರು ಜೀವಕೋಶಗಳು ಚುಕ್ಕಿ ಚುಕ್ಕಿಯಾಗಿ ಕಾಣುತ್ತವೆ. ನೋಡಲು ತುಂಬಾ ಚೆಂದ. ಆದರೆ ಅದು ಎಡ ಭಾಗದ್ದೋ ಬಲ ಭಾಗದ್ದೋ, ಹಣೆಯ ಕಡೆಯಿಂದ ಎಷ್ಟು ಮಿಲಿಮೀಟರ್ ಹಿಂದಿನದ್ದು, ಯಾವ ಅಂಚು ಮೇಲು ಎನ್ನುವುದು ಯಾರಿಗೂ ಗೊತ್ತಿಲ್ಲದಿದ್ದರೆ ಅದು ಬರೀ ಚಿತ್ರ. ನಕ್ಷೆ ಅಲ್ಲ.

ಇದನ್ನು ನಾನು ಕಷ್ಟಪಟ್ಟು ಕಲಿತೆ. ಕೆಲಸ ಕಲಿಯುತ್ತಿದ್ದ ಲ್ಯಾಬ್‌ನಲ್ಲಿ ಒಂದು ಪೆಟ್ಟಿಗೆ ಸ್ಲೈಡ್‌ಗಳನ್ನು ಎಣಿಸಲು ಕೊಟ್ಟಿದ್ದರು. ಬಣ್ಣ ಚೆನ್ನಾಗಿ ಹತ್ತಿತ್ತು, ಪದರಗಳು ಎಲ್ಲೂ ಹರಿದಿರಲಿಲ್ಲ. ಆದರೆ ಕತ್ತರಿಸುವ ಮೊದಲು ಯಾರೂ ಎಡ-ಬಲದ ಗುರುತು ಮಾಡಿರಲಿಲ್ಲ. ಕೆಲವು ಪದರಗಳು ನೀರಿನಲ್ಲಿ ಮಗುಚಿಕೊಂಡು ಸ್ಲೈಡ್ ಮೇಲೆ ಕೂತಿದ್ದವು. ಯಾವುವು ಎಂದು ಹೇಳುವ ದಾರಿಯೇ ಇರಲಿಲ್ಲ. ಎಡ-ಬಲ ಹೋಲಿಸುವ ಇಡೀ ಕೆಲಸವನ್ನು ಅಲ್ಲೇ ಕೈಬಿಟ್ಟೆವು. ಆ ಮೆದುಳನ್ನು ಒಂದು ಕುಟುಂಬ ತಮ್ಮ ದುಃಖದ ಹೊತ್ತಿನಲ್ಲಿ ಕೊಟ್ಟಿತ್ತು. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಹಾಗಾಗಿ ಈ ಬರಹದಲ್ಲಿ ಪ್ರತಿ ಹಂತದಲ್ಲೂ ಒಂದೇ ಪ್ರಶ್ನೆ ಕೇಳುತ್ತಾ ಹೋಗುತ್ತೇನೆ: ಈ ಚೂರಿನ ವಿಳಾಸ ಇನ್ನೂ ಉಳಿದಿದೆಯಾ? ಮೆದುಳಿನ ಲ್ಯಾಬ್ ಸೇರಲು ಹೊರಟ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಮೆದುಳಿನ ಅಟ್ಲಾಸ್ ಹೇಗೆ ಆಗುತ್ತದೆ ಎಂಬ ಕುತೂಹಲ ಇರುವ ಯಾರಾದರೂ ಓದಬಹುದು. ಮನೆಯಲ್ಲೇ ಕೂತು ನೋಡುವ ದಾರಿ ಕೊನೆಯಲ್ಲಿದೆ.

ಹಂತ 1: ಎಷ್ಟು ಸಣ್ಣದನ್ನು ನೋಡಬೇಕು ಎಂದು ಮೊದಲು ತೀರ್ಮಾನಿಸಿ

"ಯಾವ ಯಂತ್ರ ಒಳ್ಳೆಯದು?" ಎಂದು ಕೇಳುವವರೇ ಜಾಸ್ತಿ. ಅದಕ್ಕೂ ಮೊದಲು ನೀವು ಹುಡುಕುತ್ತಿರುವುದು ಎಷ್ಟು ದೊಡ್ಡದು ಎಂದು ಕೇಳಿಕೊಳ್ಳಬೇಕು.

ಮೆದುಳಿನ ಹೊರಪದರ, ಅಂದರೆ ಕಾರ್ಟೆಕ್ಸ್, ಸುಮಾರು 2ರಿಂದ 4 ಮಿಲಿಮೀಟರ್ ದಪ್ಪ. ಹೆಚ್ಚಿನ ನ್ಯೂರಾನ್‌ಗಳ, ಅಂದರೆ ನರಕೋಶಗಳ, ಒಡಲು 10ರಿಂದ 30 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಪಾಲು. ನ್ಯೂರಾನ್‌ನಿಂದ ಹೊರಡುವ ಎಳೆ, ಆಕ್ಸಾನ್, ಸುಮಾರು 1 ಮೈಕ್ರಾನ್ ಅಥವಾ ಅದಕ್ಕೂ ತೆಳು. ಎರಡು ನ್ಯೂರಾನ್‌ಗಳು ಸಂಧಿಸುವ ಸಿನಾಪ್ಸ್‌ನಲ್ಲಿ ನಡುವಿನ ಸಂದು ಸುಮಾರು 20 ನ್ಯಾನೊಮೀಟರ್. ಅಂದರೆ ಮೈಕ್ರಾನ್‌ನ ಐವತ್ತನೇ ಒಂದು ಪಾಲು.

ನಮ್ಮ ಊರಿನ ಲೆಕ್ಕದಲ್ಲಿ ಹೇಳುವುದಾದರೆ ಎಂಆರ್‌ಐ ನಿಮಗೆ ಜಿಲ್ಲೆ, ತಾಲ್ಲೂಕು ತೋರಿಸುತ್ತದೆ. ಬಣ್ಣ ಹಾಕಿದ ತೆಳು ಪದರ ಹಳ್ಳಿ, ಬೀದಿ, ಮನೆ ತೋರಿಸುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಆ ಮನೆಯ ಬಾಗಿಲ ಚಿಲಕ ತೋರಿಸುತ್ತದೆ. ಚಿಲಕದ ಫೋಟೋ ಎಷ್ಟೇ ಚೆನ್ನಾಗಿದ್ದರೂ ತಾಲ್ಲೂಕಿನ ಹೆಸರಿಲ್ಲದಿದ್ದರೆ ಮನೆ ಹುಡುಕಲು ಆಗುವುದಿಲ್ಲ. ಆದ್ದರಿಂದ ಒಳ್ಳೆಯ ಕೆಲಸದಲ್ಲಿ ಒಂದೇ ಮೆದುಳನ್ನು ಎರಡು ಮೂರು ಅಳತೆಗಳಲ್ಲಿ ನೋಡಿ, ಒಂದನ್ನು ಇನ್ನೊಂದಕ್ಕೆ ಕಟ್ಟುತ್ತಾರೆ.

ಹಂತ 2: ಅಂಗಾಂಶ ಬರುವ ದಾರಿ

ಮನುಷ್ಯರ ಮೆದುಳಿನ ಅಂಗಾಂಶ ಎರಡು ದಾರಿಯಲ್ಲಿ ಬರುತ್ತದೆ. ಒಂದು, ಸತ್ತ ನಂತರ ಕುಟುಂಬದವರ ಒಪ್ಪಿಗೆಯಿಂದ ಬರುವ ದಾನ. ಇನ್ನೊಂದು, ಮೂರ್ಛೆ ರೋಗ ಅಥವಾ ಗಡ್ಡೆಯ ಶಸ್ತ್ರಚಿಕಿತ್ಸೆಯಲ್ಲಿ ಹೇಗೂ ತೆಗೆಯಲೇಬೇಕಾದ ತುಣುಕು. ಅದಕ್ಕೂ ರೋಗಿಯ ಒಪ್ಪಿಗೆ ಬೇಕು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಾನವ ಮೆದುಳಿನ ಅಂಗಾಂಶ ಭಂಡಾರ ನಡೆಯುತ್ತಿದೆ. ಬ್ರೇನ್ ಬ್ಯಾಂಕ್ ಎಂದೇ ಎಲ್ಲರೂ ಕರೆಯುತ್ತಾರೆ. ಅಲ್ಲಿರುವ ಮೆದುಳಿನ ಮ್ಯೂಸಿಯಂನಲ್ಲಿ ನಿಜವಾದ ಮೆದುಳನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶವಿದೆ. ಈ ಕೆಲಸಕ್ಕೆ ಬರುವ ಪ್ರತಿಯೊಬ್ಬರೂ ಒಮ್ಮೆ ಹೋಗಿ ಬರಬೇಕು. ಸುಮಾರು 1.3 ಕೆಜಿ ತೂಕ ಅಂಗೈ ಮೇಲೆ ಕೂತಾಗ ಆಗುವ ಅನುಭವ ಯಾವ ಸ್ಕ್ರೀನ್‌ನಲ್ಲೂ ಸಿಗುವುದಿಲ್ಲ.

ಅಂಗಾಂಶ ಕೈಗೆ ಬಂದ ಕೂಡಲೇ ಬರೆದಿಡಬೇಕಾದವು: ಕೋಡ್ ನಂಬರ್ (ಹೆಸರು ಬೇಡ), ವಯಸ್ಸು, ಲಿಂಗ, ಸಾವಿಗೂ ರಾಸಾಯನಿಕಕ್ಕೆ ಹಾಕಿದ್ದಕ್ಕೂ ನಡುವೆ ಎಷ್ಟು ಗಂಟೆ ಆಯಿತು, ಅಷ್ಟು ಹೊತ್ತು ದೇಹ ತಂಪಿನಲ್ಲಿತ್ತಾ. ರಕ್ತ ನಿಂತ ಕ್ಷಣದಿಂದ ಜೀವಕೋಶಗಳು ತಮ್ಮನ್ನು ತಾವೇ ಕರಗಿಸಿಕೊಳ್ಳಲು ಶುರು ಮಾಡುತ್ತವೆ. ಈ ಗಂಟೆಗಳ ಲೆಕ್ಕ ಮುಂದೆ ಎಲ್ಲ ಚಿತ್ರಗಳಲ್ಲೂ ಕಾಣಿಸಿಕೊಳ್ಳುತ್ತದೆ.

ಸುರಕ್ಷತೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆಯ ಫಲಿತಾಂಶ ನೋಡದೆ ಮುಟ್ಟಬಾರದು. ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಕಾಯಿಲೆಯ ಸಂಶಯ ಸ್ವಲ್ಪ ಇದ್ದರೂ ಹಿರಿಯರಿಗೆ ಹೇಳಿ. ಮೆದುಳಿನ ಆ ಕಾಯಿಲೆ ಹರಡುವ ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನ್‌ಗಳು, ಅಂಗಾಂಶ ಕೆಡದಂತೆ ಹಾಕುವ ಫಾರ್ಮಲಿನ್‌ಗೆ ಬಗ್ಗುವುದಿಲ್ಲ.

ಹಂತ 3: ಗಟ್ಟಿ ಮಾಡುವುದು

ಹಸಿ ಮೆದುಳು ಎಳೆ ಗಿಣ್ಣಿನ ಹಾಗಿರುತ್ತದೆ. ಮುಟ್ಟಿದರೆ ಕದಡುತ್ತದೆ. ಅದನ್ನು ಪನೀರಿನಷ್ಟು ಗಟ್ಟಿ ಮಾಡುವುದು ಫಾರ್ಮಲಿನ್ ಕೆಲಸ. ಪ್ರೋಟೀನ್‌ಗಳನ್ನು ಒಂದಕ್ಕೊಂದು ಹೆಣೆದು ಕೊಳೆಯುವುದನ್ನು ನಿಲ್ಲಿಸುತ್ತದೆ.

ಎಲ್ಲ ಕಡೆ ಬಳಸುವುದು 10 ಪರ್ಸೆಂಟ್ ಬಫರ್ಡ್ (ಹುಳಿಯಾಗದಂತೆ ಲವಣ ಸೇರಿಸಿದ) ಫಾರ್ಮಲಿನ್. ಇಲ್ಲಿ ಹೊಸಬರು ಎಡವುತ್ತಾರೆ. ಬಾಟಲಿಯಲ್ಲಿ ಬರುವ ಫಾರ್ಮಲಿನ್‌ನಲ್ಲೇ ಫಾರ್ಮಾಲ್ಡಿಹೈಡ್ ಇರುವುದು 37ರಿಂದ 40 ಪರ್ಸೆಂಟ್. ಅದನ್ನು ಹತ್ತು ಪಟ್ಟು ತೆಳು ಮಾಡಿದಾಗ ಸಿಗುವುದು ಸುಮಾರು 4 ಪರ್ಸೆಂಟ್ ಫಾರ್ಮಾಲ್ಡಿಹೈಡ್. "10 ಪರ್ಸೆಂಟ್ ಫಾರ್ಮಲಿನ್" ಮತ್ತು "4 ಪರ್ಸೆಂಟ್ ಫಾರ್ಮಾಲ್ಡಿಹೈಡ್" ಹೆಚ್ಚುಕಡಿಮೆ ಒಂದೇ. ಲೇಬಲ್ ಮೇಲೆ ಯಾವುದು ಎಂದು ಸ್ಪಷ್ಟವಾಗಿ ಬರೆಯಿರಿ.

ಅಂಗಾಂಶದ ಗಾತ್ರದ ಹತ್ತು ಪಟ್ಟಾದರೂ ದ್ರವ ಇರಲಿ. ಇಡೀ ಮೆದುಳನ್ನು ಬಕೆಟ್ ತಳಕ್ಕೆ ಸುಮ್ನೆ ಬಿಡಬೇಡಿ. ತನ್ನದೇ ಭಾರಕ್ಕೆ ಚಪ್ಪಟೆಯಾಗಿ, ಹಾಗೇ ಗಟ್ಟಿಯಾಗಿಬಿಡುತ್ತದೆ. ಆಮೇಲೆ ನಕ್ಷೆಯೂ ಚಪ್ಪಟೆ. ಮೆದುಳಿನ ಅಡಿಯಲ್ಲಿ ಓಡುವ ಬೇಸಿಲಾರ್ ರಕ್ತನಾಳದ ಕೆಳಗೆ ದಾರ ತೂರಿಸಿ, ತಲೆಕೆಳಗಾಗಿ ತೂಗುಹಾಕುವುದು ಹಳೆಯ ಉಪಾಯ. ಇವತ್ತಿಗೂ ಅದಕ್ಕಿಂತ ಸುಲಭವಾದ ದಾರಿ ನಾನು ಕಂಡಿಲ್ಲ.

ಫಾರ್ಮಲಿನ್ ಒಳಗೆ ಇಳಿಯುವುದು ನಿಧಾನ. ಹೊರಪದರ ಬೇಗ ಗಟ್ಟಿಯಾದರೂ ನಡುಭಾಗ ತಡವಾಗುತ್ತದೆ. ಇಡೀ ಮೆದುಳಿಗೆ ಕನಿಷ್ಠ ಎರಡು ವಾರ ಬೇಕು, ಎಷ್ಟೋ ಕಡೆ ತಿಂಗಳುಗಟ್ಟಲೆ ಇಡುತ್ತಾರೆ. ಜಾಸ್ತಿ ಇಟ್ಟರೂ ತೊಂದರೆ ಇದೆ. ಪ್ರೋಟೀನ್‌ಗಳು ಅತಿಯಾಗಿ ಹೆಣೆದುಕೊಂಡರೆ ಮುಂದೆ ಆಂಟಿಬಾಡಿ (ಒಂದು ನಿರ್ದಿಷ್ಟ ಪ್ರೋಟೀನ್‌ಗೆ ಮಾತ್ರ ಅಂಟುವ ಅಣು) ಹಚ್ಚಿದಾಗ ಅದು ಅಂಟುವುದೇ ಇಲ್ಲ. ಹಾಕಿದ ತಾರೀಕು, ತೆಗೆದ ತಾರೀಕು ಎರಡನ್ನೂ ಬರೆದಿಡಿ.

ಹಂತ 4: ಚಾಕು ಹಾಕುವ ಮೊದಲು ಎಂಆರ್‌ಐ

ಇದನ್ನು ಬಿಟ್ಟು ಮುಂದೆ ಹೋಗುವವರನ್ನು ಕಂಡರೆ ನನಗೆ ಬೇಸರ. ಒಮ್ಮೆ ಕತ್ತರಿಸಿದ ಮೇಲೆ ಮೆದುಳು ಮೊದಲಿದ್ದ ಆಕಾರಕ್ಕೆ ಮರಳುವುದಿಲ್ಲ. ಇಡಿಯಾಗಿದ್ದಾಗ ಅದರ ಆಕಾರ ಹೇಗಿತ್ತು ಎಂದು ಹೇಳುವ ಸಾಕ್ಷಿ ಎಂಆರ್‌ಐ ಒಂದೇ.

ಜೀವಂತ ಮನುಷ್ಯ ಯಂತ್ರದೊಳಗೆ ಎಷ್ಟು ಹೊತ್ತು ಅಲುಗದೆ ಮಲಗಿಯಾನು? ದಾನ ಬಂದ ಮೆದುಳು ಉಸಿರಾಡುವುದಿಲ್ಲ, ಅಲುಗುವುದಿಲ್ಲ. ಎಷ್ಟು ಗಂಟೆ ಬೇಕಾದರೂ ಸ್ಕ್ಯಾನ್ ಮಾಡಬಹುದು. 2019ರಲ್ಲಿ ಅಮೆರಿಕದ ತಂಡವೊಂದು 58 ವರ್ಷದ ಮಹಿಳೆಯ ಮೆದುಳನ್ನು 7 ಟೆಸ್ಲಾ ಕಾಂತಶಕ್ತಿಯ ಎಂಆರ್‌ಐ ಯಂತ್ರದಲ್ಲಿ ಸುಮಾರು 100 ಗಂಟೆ ಸ್ಕ್ಯಾನ್ ಮಾಡಿ, 100 ಮೈಕ್ರಾನ್ ವಿವರದ ಚಿತ್ರ ಪ್ರಕಟಿಸಿತು. ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಸಿಗುವ ವಿವರ ಸುಮಾರು 1 ಮಿಲಿಮೀಟರ್. ಅಂದರೆ ಪ್ರತಿ ದಿಕ್ಕಿನಲ್ಲೂ ಹತ್ತು ಪಟ್ಟು, ಗಾತ್ರದಲ್ಲಿ ಸಾವಿರ ಪಟ್ಟು ಹೆಚ್ಚು ಸೂಕ್ಷ್ಮ.

ಎರಡು ಎಚ್ಚರಿಕೆ. ಮಡಿಕೆಗಳ ನಡುವೆ ಗಾಳಿಗುಳ್ಳೆ ಉಳಿದರೆ ಚಿತ್ರದಲ್ಲಿ ಅದರ ಸುತ್ತ ಕಪ್ಪು ಮಚ್ಚೆ ಬರುತ್ತದೆ. ಪಾತ್ರೆಯನ್ನು ನಿಧಾನವಾಗಿ ಓಲಾಡಿಸಿ, ನಿರ್ವಾತ ಪಂಪ್ ಹಿಡಿದು ಗುಳ್ಳೆ ತೆಗೆಯಿರಿ. ಫಾಂಬ್ಲಿನ್ ಎಂಬ ದ್ರವದಲ್ಲಿ ಮುಳುಗಿಸಿದರೆ ಅದು ಎಂಆರ್‌ಐಗೆ ಕಾಣಿಸುವುದಿಲ್ಲ, ಮೆದುಳು ಮಾತ್ರ ಕಾಣುತ್ತದೆ. ಇನ್ನೊಂದು, ಫಾರ್ಮಲಿನ್‌ನಲ್ಲಿದ್ದ ಮೆದುಳಿನಲ್ಲಿ ಬೂದು ಭಾಗ-ಬಿಳಿ ಭಾಗದ ವ್ಯತ್ಯಾಸ ಜೀವಂತ ಮೆದುಳಿನಂತೆ ಇರುವುದಿಲ್ಲ. ರೋಗಿಗಳಿಗೆ ಬಳಸುವ ಸೆಟ್ಟಿಂಗ್ ಹಾಗೇ ಒತ್ತಿದರೆ ಮಸುಕು ಚಿತ್ರ ಬರುತ್ತದೆ. ಮೊದಲು ಒಂದು ಸಣ್ಣ ತುಂಡಿನ ಮೇಲೆ ಪ್ರಯೋಗ ಮಾಡಿ ಸೆಟ್ಟಿಂಗ್ ಹೊಂದಿಸಿಕೊಳ್ಳಿ.

ಹಂತ 5: ಗುರುತು, ಫೋಟೋ, ಆಮೇಲೆ ಕತ್ತರಿಸುವುದು

ವಿಳಾಸ ಕಳೆದುಹೋಗುವುದು ಬಹುಪಾಲು ಇಲ್ಲೇ. ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲೋಣ.

ಕತ್ತರಿಸುವ ಮೊದಲು ಒಂದು ಬದಿಗೆ ಮಾತ್ರ ಶಾಶ್ವತ ಗುರುತು ಮಾಡಿ. ಉದ್ದಕ್ಕೂ ಒಂದು ಸಣ್ಣ ಗೀರು, ಅಥವಾ ಮುಂದಿನಿಂದ ಹಿಂದಕ್ಕೆ ತೂರಿಸಿದ ತೆಳು ಸೂಜಿಯ ತೂತು. ಅದು ಪ್ರತಿ ಪದರದಲ್ಲೂ ಕಾಣಬೇಕು. ಯಾವ ಬದಿ ಎಂದು ನೋಟ್‌ಬುಕ್‌ನಲ್ಲೂ ಕಂಪ್ಯೂಟರ್‌ನಲ್ಲೂ ಬರೆಯಿರಿ. ಲ್ಯಾಬ್‌ಗೆಲ್ಲಾ ಒಂದೇ ರೂಢಿ ಇರಲಿ. ಇವತ್ತು ಎಡ, ನಾಳೆ ಬಲ ಬೇಡ.

ಈಗ ಎರಡು ದಾರಿ ಇದೆ: ಮೇಣ ಅಥವಾ ಹಿಮ.

ಮೇಣದ ದಾರಿಯಲ್ಲಿ ಅಂಗಾಂಶವನ್ನು ಹಂತ ಹಂತವಾಗಿ ಹೆಚ್ಚು ಗಾಢವಾದ ಆಲ್ಕೋಹಾಲ್‌ನಲ್ಲಿಟ್ಟು ನೀರು ತೆಗೆಯುತ್ತಾರೆ. ಆಮೇಲೆ ಝೈಲೀನ್ ಎಂಬ ದ್ರಾವಕ, ಆಮೇಲೆ ಸುಮಾರು 60 ಡಿಗ್ರಿಯಲ್ಲಿ ಕರಗಿದ ಪ್ಯಾರಫಿನ್ ಮೇಣ. ಆರಿದ ಮೇಲೆ ಸಿಗುವ ಗಟ್ಟಿ ಇಟ್ಟಿಗೆಯನ್ನು ವರ್ಷಗಟ್ಟಲೆ ಇಡಬಹುದು, ತೆಳುವಾಗಿ ಹೆರೆಯಬಹುದು. ತೊಂದರೆ ಏನೆಂದರೆ ಅಂಗಾಂಶ ಕುಗ್ಗುತ್ತದೆ. ಗಾತ್ರ ಅರ್ಧಕ್ಕೆ ಇಳಿಯುವುದೂ ಉಂಟು. ಹಂತ 4ರ ಎಂಆರ್‌ಐ ಇದ್ದರೆ ಎಷ್ಟು ಕುಗ್ಗಿತು ಎಂದು ಲೆಕ್ಕ ಹಾಕಬಹುದು. ಇಲ್ಲದಿದ್ದರೆ ಊಹೆಯೇ ಗತಿ.

ಹಿಮದ ದಾರಿಯಲ್ಲಿ ಅಂಗಾಂಶವನ್ನು 30 ಪರ್ಸೆಂಟ್ ಸಕ್ಕರೆ ದ್ರಾವಣದಲ್ಲಿ ಮುಳುಗುವ ತನಕ ಇಡಬೇಕು. ತೇಲುತ್ತಿದ್ದರೆ ಸಕ್ಕರೆ ಇನ್ನೂ ಒಳಗೆ ಹೋಗಿಲ್ಲ ಎಂದರ್ಥ. ಆಮೇಲೆ ಡ್ರೈ ಐಸ್‌ನಿಂದ ತಣಿಸಿದ ಐಸೋಪೆಂಟೇನ್ ಎಂಬ ದ್ರವದಲ್ಲಿ ಬೇಗ ಹೆಪ್ಪುಗಟ್ಟಿಸಬೇಕು. ನಿಧಾನ ಮಾಡಿದರೆ ಒಳಗೆ ದೊಡ್ಡ ಹಿಮದ ಹರಳು ಬೆಳೆದು ಅಂಗಾಂಶವೆಲ್ಲ ಜಾಲರಿಯಂತೆ ತೂತು ಬೀಳುತ್ತದೆ. ಈ ದಾರಿಯಲ್ಲಿ ಕೊಬ್ಬು ಉಳಿಯುತ್ತದೆ, ಪ್ರೋಟೀನ್‌ಗಳೂ ಚೆನ್ನಾಗಿರುತ್ತವೆ. ಆದರೆ ಪದರಗಳು ಹರಿಯುವುದು, ಸುಕ್ಕಾಗುವುದು ಜಾಸ್ತಿ.

ಕತ್ತರಿಸುವ ಯಂತ್ರ ಮೈಕ್ರೋಟೋಮ್. ಹಿಮದ ಕೆಲಸಕ್ಕೆ ಅದನ್ನೇ ಶೀತಪೆಟ್ಟಿಗೆಯೊಳಗೆ ಇಟ್ಟ ಕ್ರಯೋಸ್ಟಾಟ್. ಬಾಳೆಕಾಯಿ ಚಿಪ್ಸ್ ಹೆರೆಯುವ ಮಣೆ ನೋಡಿದ್ದೀರಲ್ಲ, ತತ್ವ ಅದೇ. ಇಲ್ಲಿ ದಪ್ಪ 20 ಮೈಕ್ರಾನ್ ಅಷ್ಟೇ.

ಪ್ರತಿ ಪದರ ಹೆರೆಯುವ ಮೊದಲು ಇಟ್ಟಿಗೆಯ ಮುಖದ ಫೋಟೋ ತೆಗೆಯಿರಿ. ಕ್ಯಾಮೆರಾ ಅಲುಗದಂತೆ ಬಿಗಿದಿರಬೇಕು, ಬೆಳಕು ಒಂದೇ ಸಮ ಇರಬೇಕು. ಪದರ ಆಮೇಲೆ ಹರಿಯಬಹುದು, ಮಡಚಿಕೊಳ್ಳಬಹುದು, ನೀರಲ್ಲಿ ಹಿಗ್ಗಬಹುದು. ಇಟ್ಟಿಗೆಯಲ್ಲಿದ್ದಾಗ ಅದರ ನಿಜವಾದ ರೂಪ ಈ ಫೋಟೋದಲ್ಲಿ ಉಳಿದಿರುತ್ತದೆ. ಎಲ್ಲ ಫೋಟೋಗಳನ್ನು ಒಂದರ ಮೇಲೊಂದು ಇಟ್ಟರೆ ಇಡೀ ಮೆದುಳು ಮತ್ತೆ ಎದ್ದು ನಿಲ್ಲುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಲಾಭ ಕೊಡುವ ಕೆಲಸ ಇಡೀ ಲ್ಯಾಬ್‌ನಲ್ಲಿ ಇನ್ನೊಂದಿಲ್ಲ.

ಹಾಳಾದ ಪದರಕ್ಕೂ ನಂಬರ್ ಕೊಡಿ. 412ನೇ ಪದರ ಹರಿದುಹೋಯಿತು ಎಂದು ಮುಂದಿನದ್ದಕ್ಕೆ 412 ಎಂದೇ ಬರೆದರೆ, ಅಲ್ಲಿಂದಾಚೆಗೆ ಎಲ್ಲ ವಿಳಾಸಗಳೂ 20 ಮೈಕ್ರಾನ್ ತಪ್ಪು. ಹತ್ತು ಸಲ ಹಾಗೆ ಮಾಡಿದರೆ 200 ಮೈಕ್ರಾನ್.

ಈ ಶಿಸ್ತು ಎಲ್ಲಿಯ ತನಕ ಒಯ್ಯಬಲ್ಲದು ಎಂಬುದಕ್ಕೆ ಬಿಗ್‌ಬ್ರೇನ್ ಎಂಬ ಇಡೀ ಮೆದುಳಿನ ಮೂರು ಆಯಾಮದ ನಕ್ಷೆ ಉದಾಹರಣೆ. ಜರ್ಮನಿಯ ಯೂಲಿಶ್‌ನಲ್ಲಿ ಕಾಟ್ರಿನ್ ಆಮುಂಟ್ಸ್ ಅವರ ತಂಡ ಮತ್ತು ಕೆನಡಾದ ಮಾಂಟ್ರಿಯಲ್‌ನ ತಂಡ ಸೇರಿ 2013ರಲ್ಲಿ ಅದನ್ನು ಪ್ರಕಟಿಸಿದವು. 65 ವರ್ಷದ ಮಹಿಳೆಯೊಬ್ಬರ ಮೆದುಳು, ಮೇಣದ ದಾರಿ, 20 ಮೈಕ್ರಾನ್ ದಪ್ಪದ 7404 ಪದರಗಳು. ಗುಣಿಸಿ ನೋಡಿ: 14.8 ಸೆಂಟಿಮೀಟರ್. ಕುಗ್ಗಿದ ಮೆದುಳಿನ ಉದ್ದ ಮುಂದಿನಿಂದ ಹಿಂದಿನವರೆಗೂ ಲೆಕ್ಕಕ್ಕೆ ಸಿಗುತ್ತದೆ.

ಹಂತ 6: ಬಣ್ಣ

ಬಣ್ಣವಿಲ್ಲದ ಮೆದುಳಿನ ಪದರ ಒದ್ದೆ ಹಾಳೆಯಂತೆ ಕಾಣುತ್ತದೆ, ಅಷ್ಟೇ. ಯಾವ ಬಣ್ಣ ಎನ್ನುವುದು ನಿಮ್ಮ ಪ್ರಶ್ನೆಯ ಮೇಲೆ ನಿಂತಿದೆ.

ಜೀವಕೋಶಗಳ ಒಡಲು ನೋಡಬೇಕೆಂದರೆ ನಿಸ್ಸಲ್ ಬಣ್ಣ. ಜರ್ಮನಿಯ ಫ್ರಾಂಟ್ಸ್ ನಿಸ್ಸಲ್ 1880ರ ದಶಕದಲ್ಲಿ ಕಂಡುಕೊಂಡ ದಾರಿ. ಈಗ ಹೆಚ್ಚಾಗಿ ಕ್ರೆಸಿಲ್ ವಯೊಲೆಟ್ ಬಳಸುತ್ತೇವೆ. ನ್ಯೂರಾನ್‌ನೊಳಗೆ ಪ್ರೋಟೀನ್ ತಯಾರಾಗುವ ಜಾಗಗಳಲ್ಲಿ ಆರ್‌ಎನ್‌ಎ ತುಂಬಿರುತ್ತದೆ, ನೇರಳೆ ಬಣ್ಣ ಅದಕ್ಕೆ ಹಿಡಿಯುತ್ತದೆ. ಕೋರ್ಬಿನಿಯನ್ ಬ್ರಾಡ್‌ಮನ್ 1909ರಲ್ಲಿ ಕಾರ್ಟೆಕ್ಸನ್ನು ನಂಬರ್ ಹಾಕಿ ಭಾಗ ಮಾಡಿದ್ದು ಇಂಥ ಪದರಗಳನ್ನು ಕಣ್ಣಿಂದ ನೋಡಿಯೇ. "ಬ್ರಾಡ್‌ಮನ್ ಏರಿಯಾ 17" ಎಂದು ವೈದ್ಯರು ಇವತ್ತಿಗೂ ಹೇಳುತ್ತಾರೆ.

ಬಣ್ಣ ಹಾಕುವುದಕ್ಕಿಂತ ತೆಗೆಯುವುದರಲ್ಲೇ ಕೈಚಳಕ ಬೇಕು. ಆಲ್ಕೋಹಾಲ್‌ನಲ್ಲಿ ಹೆಚ್ಚಿನ ಬಣ್ಣ ಬಿಡಿಸುವಾಗ ಆಗಾಗ ಸೂಕ್ಷ್ಮದರ್ಶಕದಲ್ಲಿ ನೋಡಿ. ಹಿನ್ನೆಲೆ ಬಿಳಿಯಾಗಿ, ಕೋಶಗಳು ಕಡು ನೇರಳೆಯಾಗಿ ಉಳಿದ ಕ್ಷಣ ನಿಲ್ಲಿಸಿ. ಗಡಿಯಾರ ನಂಬಬೇಡಿ, ಕಣ್ಣು ನಂಬಿ. ಆದರೆ ಒಂದೇ ಮೆದುಳಿನ ಪದರಗಳನ್ನು ಬೇರೆ ಬೇರೆ ದಿನ ಬೇರೆ ಬೇರೆ ದ್ರಾವಣದಲ್ಲಿ ಅದ್ದಿದರೆ ಬಣ್ಣ ಏರುಪೇರಾಗುತ್ತದೆ. ಆಮೇಲೆ ಕಂಪ್ಯೂಟರ್ ಆ ಏರುಪೇರನ್ನೇ ಮೆದುಳಿನ ಗುಣ ಎಂದು ಎಣಿಸುತ್ತದೆ. 1ರಿಂದ 50 ಒಂದು ದಿನ, 51ರಿಂದ 100 ಇನ್ನೊಂದು ದಿನ ಎಂದು ಮಾಡಬೇಡಿ. 1, 11, 21, 31 ಹೀಗೆ ಬಿಟ್ಟು ಬಿಟ್ಟು ಎತ್ತಿ. ಆಗ ಒಂದು ದಿನದ ತಪ್ಪು ಇಡೀ ಮೆದುಳಿಗೆ ಸಮನಾಗಿ ಹರಡುತ್ತದೆ, ಕಂಡುಹಿಡಿಯುವುದೂ ಸುಲಭ.

ಎಳೆಗಳ ಮೇಲಿನ ಕೊಬ್ಬಿನ ಹೊದಿಕೆ, ಮಯಲಿನ್, ನೋಡಬೇಕೆಂದರೆ ಲಕ್ಸಾಲ್ ಫಾಸ್ಟ್ ಬ್ಲೂ. ಒಂದೊಂದೇ ನ್ಯೂರಾನ್‌ನ ಪೂರ್ತಿ ಕವಲು ನೋಡಬೇಕೆಂದರೆ ಗಾಲ್ಜಿ ವಿಧಾನ. ಇಟಲಿಯ ಕಮಿಲ್ಲೊ ಗಾಲ್ಜಿ 1873ರಲ್ಲಿ ಪ್ರಕಟಿಸಿದ ಈ ಬೆಳ್ಳಿ ಬಣ್ಣ ಬೆರಳೆಣಿಕೆಯ ಕೋಶಗಳಿಗೆ ಮಾತ್ರ ಹತ್ತುತ್ತದೆ. ಅದೇ ಅದರ ಶಕ್ತಿ. ಎಲ್ಲ ಮರಗಳಿಗೂ ಬಣ್ಣ ಹತ್ತಿದರೆ ಕಾಡೆಲ್ಲ ಕಪ್ಪಾಗಿ ಒಂದು ಮರವೂ ಬಿಡಿಯಾಗಿ ಕಾಣುವುದಿಲ್ಲ, ಅಲ್ವಾ? ಸ್ಪೇನ್‌ನ ವಿಜ್ಞಾನಿ ಕಹಾಲ್ ಇದೇ ವಿಧಾನ ಹಿಡಿದು ನ್ಯೂರಾನ್‌ಗಳು ಬಿಡಿ ಬಿಡಿ ಕೋಶಗಳು ಎಂದು ತೋರಿಸಿದರು. ಗಾಲ್ಜಿ ಅದನ್ನು ಒಪ್ಪಲಿಲ್ಲ. 1906ರಲ್ಲಿ ಇಬ್ಬರಿಗೂ ಒಟ್ಟಿಗೇ ನೊಬೆಲ್ ಬಂತು.

ನಿರ್ದಿಷ್ಟ ಪ್ರೋಟೀನ್ ಹುಡುಕಲು ಆಂಟಿಬಾಡಿ ಹಚ್ಚುತ್ತಾರೆ. ಹೊಳೆಯುವ ಬಣ್ಣ ಕಟ್ಟಿದ ಆಂಟಿಬಾಡಿ ಬಳಸುವವರಿಗೆ ಒಂದು ಮಾತು. ಇಲಿಯ ಮೆದುಳಿನಲ್ಲಿ ಕಲಿತು ಬಂದವರು ಇಲ್ಲಿ ಮೋಸ ಹೋಗುತ್ತಾರೆ. ವಯಸ್ಸಾದ ಮನುಷ್ಯರ ನ್ಯೂರಾನ್‌ಗಳಲ್ಲಿ ಲಿಪೋಫಸ್ಕಿನ್ ಎಂಬ ಕಣಗಳು ಸೇರಿಕೊಂಡಿರುತ್ತವೆ. ಯಾವ ಬಣ್ಣ ಹಾಕದಿದ್ದರೂ ಅವು ತಾವೇ ಹೊಳೆಯುತ್ತವೆ. ಆಂಟಿಬಾಡಿ ಹಚ್ಚದ ಒಂದು ಪದರವನ್ನು ಪಕ್ಕದಲ್ಲಿಟ್ಟು ನೋಡದೆ ಯಾವ ಹೊಳಪನ್ನೂ ನಂಬಬೇಡಿ. ಸುಡಾನ್ ಬ್ಲ್ಯಾಕ್ ಬಿ ಎಂಬ ಕಪ್ಪು ಬಣ್ಣ ಹಾಕಿದರೆ ಆ ಹೊಳಪು ತಗ್ಗುತ್ತದೆ.

ಹಂತ 7: ಸ್ಕ್ಯಾನ್ ಮಾಡುವುದು, ಡಿಸ್ಕ್ ಲೆಕ್ಕ ಹಾಕುವುದು

ಸ್ಲೈಡ್ ಸ್ಕ್ಯಾನರ್ 20 ಪಟ್ಟು ಲೆನ್ಸ್‌ನಲ್ಲಿ ಸಾಮಾನ್ಯವಾಗಿ ಪಿಕ್ಸೆಲ್‌ಗೆ ಅರ್ಧ ಮೈಕ್ರಾನ್ ಕೊಡುತ್ತದೆ, 40 ಪಟ್ಟಿನಲ್ಲಿ ಕಾಲು ಮೈಕ್ರಾನ್. "ಎಲ್ಲವನ್ನೂ 40ರಲ್ಲೇ ಮಾಡೋಣ" ಎನ್ನುವ ಮುಂಚೆ ಲೆಕ್ಕ ಹಾಕಿ.

ಇಡೀ ಮೆದುಳಿನ ಅಡ್ಡ ಪದರ 14 ಸೆಂ.ಮೀ. ಅಗಲ, 11 ಸೆಂ.ಮೀ. ಎತ್ತರ ಇರಲಿ. ಪಿಕ್ಸೆಲ್‌ಗೆ 1 ಮೈಕ್ರಾನ್ ಇಟ್ಟರೂ 1,40,000 ಗುಣಿಸು 1,10,000, ಅಂದರೆ 1540 ಕೋಟಿ ಪಿಕ್ಸೆಲ್. ಒಂದು ಪಿಕ್ಸೆಲ್‌ಗೆ 3 ಬೈಟ್ ಹಿಡಿದರೆ ಸುಮಾರು 46 ಜಿಬಿ. ಒಂದೇ ಪದರಕ್ಕೆ! ಇಂಥ 7000 ಪದರ ಎಂದರೆ 320 ಟೆರಾಬೈಟ್. ಅರ್ಧ ಮೈಕ್ರಾನ್‌ಗೆ ಹೋದರೆ ಇದರ ನಾಲ್ಕು ಪಟ್ಟು. ಕಂಪ್ರೆಸ್ ಮಾಡಿದರೆ ಇಳಿಯುತ್ತದೆ, ಆದರೂ ಡಿಸ್ಕ್ ಮತ್ತು ಬ್ಯಾಕಪ್ ಖರ್ಚನ್ನು ಯೋಜನೆಯಲ್ಲಿ ಮೊದಲೇ ಬರೆಯಬೇಕು.

ಫೈಲ್ ಹೆಸರಿನಲ್ಲಿ ಮೆದುಳಿನ ಕೋಡ್, ಪದರದ ನಂಬರ್, ಬಣ್ಣ ಮೂರೂ ಇರಲಿ. "ಹೊಸದು_ಫೈನಲ್_2" ಎಂಬ ಹೆಸರು ವಿಳಾಸವಲ್ಲ.

ಹಂತ 8: ಮತ್ತೆ ಜೋಡಿಸುವುದು

ಜೋಳದ ರೊಟ್ಟಿಯ ಅಟ್ಟಿ ನೆನಪಿಸಿಕೊಳ್ಳಿ. ಒಂದೊಂದು ರೊಟ್ಟಿಯೂ ಒಂದೊಂದು ಕಡೆ ಸೊಟ್ಟ. ಮೆದುಳಿನ ಪದರಗಳೂ ಹಾಗೆ. ಕಂಪ್ಯೂಟರ್ ಪ್ರತಿ ಪದರವನ್ನು ತಿರುಗಿಸಿ, ಸರಿಸಿ, ಬೇಕಾದಷ್ಟೇ ಎಳೆದು ಸರಿಹೊಂದಿಸಬೇಕು. ಆಂಟ್ಸ್, ಇಲಾಸ್ಟಿಕ್ಸ್ ಎಂಬ ಉಚಿತ ಸಾಫ್ಟ್‌ವೇರ್‌ಗಳು ಇದಕ್ಕಿವೆ. ಕೋಶ ಎಣಿಸಲು ಕ್ಯೂಪಾತ್, ಸಣ್ಣ ಪುಟ್ಟ ಕೆಲಸಕ್ಕೆ ಫಿಜಿ.

ಇಲ್ಲಿರುವ ದೊಡ್ಡ ಬಲೆಗೆ ಈ ಕ್ಷೇತ್ರದಲ್ಲಿ ಬಾಳೆಹಣ್ಣಿನ ಸಮಸ್ಯೆ ಎಂದು ಹೆಸರು. ಬಾಗಿದ ಬಾಳೆಹಣ್ಣನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ. ಈಗ ಪ್ರತಿ ಬಿಲ್ಲೆಯನ್ನು ಪಕ್ಕದ ಬಿಲ್ಲೆಗೆ ಸರಿಯಾಗಿ ಹೊಂದಿಸುತ್ತಾ ಹೋಗಿ. ಕೊನೆಗೆ ಸಿಗುವುದು ನೆಟ್ಟಗಿರುವ ಕೋಲು! ಪ್ರತಿ ಜೋಡಣೆಯೂ ಸರಿ, ಒಟ್ಟು ಆಕಾರ ಮಾತ್ರ ಸುಳ್ಳು. ಮೆದುಳಿನ ಬಾಗಿದ ಭಾಗಗಳಿಗೂ ಇದೇ ಆಗುತ್ತದೆ. ಹಿಪ್ಪೊಕ್ಯಾಂಪಸ್‌ನಂಥ ಸುರುಳಿ ಸುತ್ತಿದ ಜಾಗದಲ್ಲಂತೂ ತುಂಬಾ.

ಇದಕ್ಕೆ ಪರಿಹಾರ ಪದರಗಳ ಒಳಗಿಲ್ಲ, ಹೊರಗಿದೆ. ಹಂತ 4ರ ಎಂಆರ್‌ಐ, ಹಂತ 5ರ ಫೋಟೋ. ಮೊದಲು ಪದರವನ್ನು ಅದರದೇ ಫೋಟೋಗೆ ಹೊಂದಿಸಿ. ಫೋಟೋಗಳ ರಾಶಿಯನ್ನು ಎಂಆರ್‌ಐಗೆ ಹೊಂದಿಸಿ. ಆಗ ಬಾಳೆಹಣ್ಣು ಬಾಳೆಹಣ್ಣಾಗಿಯೇ ಉಳಿಯುತ್ತದೆ.

ಒಬ್ಬರ ಮೆದುಳಿನಂತೆ ಇನ್ನೊಬ್ಬರದ್ದು ಇರುವುದಿಲ್ಲ ಎನ್ನುವುದೂ ನೆನಪಿರಲಿ. ಒಂದೇ ಮೆದುಳಿನ ನಕ್ಷೆ ಒಬ್ಬರ ಮನೆಯ ನಕ್ಷೆ. ಯೂಲಿಶ್ ತಂಡ 2020ರಲ್ಲಿ ಪ್ರಕಟಿಸಿದ ಅಟ್ಲಾಸ್‌ಗೆ 23 ಮೆದುಳುಗಳನ್ನು ಬಳಸಿಕೊಂಡಿತು. ಅದರಲ್ಲಿ ಗಡಿ ಎಂದರೆ ಗೆರೆಯಲ್ಲ. ಈ ಜಾಗ ಈ ಭಾಗಕ್ಕೆ ಸೇರಿರುವ ಸಾಧ್ಯತೆ ಎಷ್ಟು ಎಂಬ ಅಂಕಿ. ಅದು ನನಗೆ ಪ್ರಾಮಾಣಿಕವಾದ ದಾರಿ ಅನಿಸುತ್ತದೆ.

ಹಂತ 9: ಎಳೆಗಳ ದಿಕ್ಕು ಬೇಕಿದ್ದರೆ

ಡಿಫ್ಯೂಷನ್ ಎಂಆರ್‌ಐ ನೀರಿನ ಅಣುಗಳ ಓಡಾಟ ಅಳೆಯುತ್ತದೆ. ಕಾಲುವೆಯಲ್ಲಿ ನೀರು ಉದ್ದಕ್ಕೆ ಸರಾಗವಾಗಿ ಹೋಗುತ್ತದೆ, ದಡ ದಾಟುವುದು ಕಷ್ಟ. ಎಳೆಗಳ ಕಟ್ಟಿನಲ್ಲೂ ಹಾಗೇ. ಜೀವಂತ ಮನುಷ್ಯರಲ್ಲೂ ಮಾಡಬಹುದು ಎನ್ನುವುದು ಇದರ ದೊಡ್ಡ ಗುಣ. ಆದರೆ ಒಂದೂವರೆ-ಎರಡು ಮಿಲಿಮೀಟರ್‌ನ ಒಂದು ಘನದೊಳಗೆ ಲಕ್ಷಗಟ್ಟಲೆ ಎಳೆಗಳಿರುತ್ತವೆ. ಎರಡು ಕಟ್ಟುಗಳು ಅಡ್ಡ ಹಾಯುವ ಸರ್ಕಲ್‌ನಲ್ಲಿ ಯಾವ ದಾರಿ ಎಲ್ಲಿಗೆ ಹೋಯಿತು ಎಂದು ಕಂಪ್ಯೂಟರ್ ಊಹಿಸುತ್ತದೆ. ಪರದೆ ಮೇಲಿನ ಬಣ್ಣ ಬಣ್ಣದ ಗೆರೆಗಳು ಆ ಊಹೆಯ ಫಲ. ಅವನ್ನು ನಿಜವಾದ ಎಳೆಗಳ ಫೋಟೋ ಎಂದುಕೊಳ್ಳಬೇಡಿ.

ಖಚಿತ ಮಾಡಿಕೊಳ್ಳಲು ಧ್ರುವೀಕರಿಸಿದ ಬೆಳಕಿನ (ಒಂದೇ ದಿಕ್ಕಿನಲ್ಲಿ ಕಂಪಿಸುವಂತೆ ಸೋಸಿದ ಬೆಳಕಿನ) ವಿಧಾನ ಇದೆ. ಯೂಲಿಶ್‌ನಲ್ಲಿ ಮಾರ್ಕುಸ್ ಆಕ್ಸರ್ ಅವರ ಗುಂಪು ಬೆಳೆಸಿದ್ದು. ಬಣ್ಣ ಹಾಕದ, ಸುಮಾರು 60 ಮೈಕ್ರಾನ್ ದಪ್ಪದ ಹಿಮದ ಪದರದ ಮೂಲಕ ಧ್ರುವೀಕರಿಸಿದ ಬೆಳಕು ಹಾಯಿಸಿ, ಫಿಲ್ಟರ್ ತಿರುಗಿಸುತ್ತಾ ಚಿತ್ರ ತೆಗೆಯುತ್ತಾರೆ. ಮಯಲಿನ್‌ನ ಕೊಬ್ಬು ಬೆಳಕನ್ನು ದಿಕ್ಕಿಗೆ ತಕ್ಕಂತೆ ಬೇರೆ ಬೇರೆ ರೀತಿ ಬಿಡುತ್ತದೆ. ಫಿಲ್ಟರ್ ತಿರುಗಿದಂತೆ ಪ್ರತಿ ಪಿಕ್ಸೆಲ್ ಹೊಳೆದು ಮಂಕಾಗುವ ಲಯದಿಂದ ಎಳೆಯ ದಿಕ್ಕು ಸಿಗುತ್ತದೆ. ಮೇಣದ ದಾರಿ ಇಲ್ಲಿ ನಡೆಯುವುದಿಲ್ಲ. ಆಲ್ಕೋಹಾಲ್, ಝೈಲೀನ್ ಸೇರಿ ಕೊಬ್ಬನ್ನೇ ಕರಗಿಸಿಬಿಡುತ್ತವೆ.

ಹಂತ 10: ಇನ್ನೂ ಒಳಗೆ

ಕತ್ತರಿಸದೆಯೇ ಒಳಗೆ ನೋಡುವ ದಾರಿಗಳು ಈಗ ಬಂದಿವೆ. 2013ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಬಂದ ಕ್ಲಾರಿಟಿ ವಿಧಾನ ಕೊಬ್ಬನ್ನು ತೆಗೆದು ಅಂಗಾಂಶವನ್ನು ಪಾರದರ್ಶಕ ಮಾಡುತ್ತದೆ. 2015ರಲ್ಲಿ ಎಂಐಟಿಯ ಎಡ್ ಬಾಯ್ಡನ್ ಗುಂಪು ಅಂಗಾಂಶವನ್ನೇ ಹಿಗ್ಗಿಸಿ ನೋಡುವ ದಾರಿ ತೋರಿಸಿತು. ಮಕ್ಕಳ ಡಯಾಪರ್‌ನಲ್ಲಿ ನೀರು ಹೀರುವ ಪಾಲಿಮರ್ ಇದೆಯಲ್ಲ, ಅದೇ ಜಾತಿಯದನ್ನು ಒಳಗೆ ಬೆಳೆಸಿ ನೀರು ಹಾಕಿದರೆ ಅಂಗಾಂಶ ಕಾಮಕಸ್ತೂರಿ ಬೀಜದಂತೆ ಉಬ್ಬುತ್ತದೆ. ಪ್ರತಿ ದಿಕ್ಕಿನಲ್ಲೂ ನಾಲ್ಕು ಪಟ್ಟಿಗಿಂತ ಜಾಸ್ತಿ. ಫ್ರಾನ್ಸ್‌ನ ಗ್ರನೋಬಲ್‌ನಲ್ಲಿರುವ ಸಿಂಕ್ರೊಟ್ರಾನ್ ಎಂಬ ದೈತ್ಯ ಯಂತ್ರದ ಪ್ರಖರ ಎಕ್ಸ್-ರೇ ಇಡೀ ಅಂಗವನ್ನು ಸುಮಾರು 25 ಮೈಕ್ರಾನ್ ವಿವರದಲ್ಲಿ ನೋಡಿ, ಬೇಕಾದ ಜಾಗಕ್ಕೆ ಇನ್ನೂ ಹತ್ತಿರ ಹೋಗುತ್ತದೆ.

ಸಿನಾಪ್ಸ್ ಬೇಕೆಂದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಗಟ್ಟಿ. 2024ರ ಮೇ ತಿಂಗಳಲ್ಲಿ ಹಾರ್ವರ್ಡ್‌ನ ಜೆಫ್ ಲಿಕ್ಟ್‌ಮನ್ ಲ್ಯಾಬ್ ಮತ್ತು ಗೂಗಲ್ ಸೇರಿ ಪ್ರಕಟಿಸಿದ ಕೆಲಸ ನೋಡಿ. ಮೂರ್ಛೆ ರೋಗದ ಶಸ್ತ್ರಚಿಕಿತ್ಸೆಗೆ ಒಳಗಾದ 45 ವರ್ಷದ ಮಹಿಳೆಯಿಂದ ಬಂದ ತುಣುಕು. ಸುಮಾರು 1 ಘನ ಮಿಲಿಮೀಟರ್, ಅಕ್ಕಿಕಾಳಿನ ನುಚ್ಚಿನಷ್ಟು. ತೆಗೆದ ತಕ್ಷಣ ರಾಸಾಯನಿಕಕ್ಕೆ ಹಾಕಿದ್ದರಿಂದ ಕೊಳೆಯುವ ಪ್ರಶ್ನೆಯೇ ಬರಲಿಲ್ಲ. ಆಸ್ಮಿಯಂನಂಥ ಭಾರ ಲೋಹ ಹಿಡಿಸಿ, ರಾಳದಲ್ಲಿ ಗಟ್ಟಿ ಮಾಡಿ, ವಜ್ರದ ಅಲಗಿನಿಂದ 30 ನ್ಯಾನೊಮೀಟರ್ ಆಸುಪಾಸಿನ ಐದು ಸಾವಿರಕ್ಕೂ ಹೆಚ್ಚು ಪದರ ಹೆರೆದರು. ಸಿಕ್ಕಿದ್ದು ಸುಮಾರು 57,000 ಕೋಶ, 15 ಕೋಟಿ ಸಿನಾಪ್ಸ್, 1400 ಟೆರಾಬೈಟ್ ಡೇಟಾ. ಎರಡು ನ್ಯೂರಾನ್‌ಗಳ ನಡುವೆ ಬಹುತೇಕ ಒಂದೇ ಸಿನಾಪ್ಸ್ ಇರುತ್ತದೆ. ಅಪರೂಪಕ್ಕೆ ಐವತ್ತಕ್ಕೂ ಹೆಚ್ಚು ಇರುವ ಜೋಡಿಗಳೂ ಕಂಡವು.

ಇಡೀ ಮೆದುಳು ಸುಮಾರು 12 ಲಕ್ಷ ಘನ ಮಿಲಿಮೀಟರ್. 1400 ಟೆರಾಬೈಟ್‌ನ ಹನ್ನೆರಡು ಲಕ್ಷ ಪಟ್ಟು ಎಂದರೆ ಎಷ್ಟು ಎಂದು ನೀವೇ ಲೆಕ್ಕ ಹಾಕಿ. ಅದಕ್ಕೇ ಈ ವಿಧಾನವನ್ನು ಸರಿಯಾದ ನುಚ್ಚು ಆರಿಸಿ ಬಳಸಬೇಕು. ಆ ನುಚ್ಚು ಎಲ್ಲಿಯದು ಎಂದು ಗೊತ್ತಿರಬೇಕು. ಆಸ್ಮಿಯಂ ಆವಿ ಕಣ್ಣಿಗೆ ಬಹಳ ಅಪಾಯ. ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಇಲ್ಲದೆ ಬಾಟಲಿ ತೆರೆಯಲೇಬೇಡಿ.

ಮನೆಯಲ್ಲೇ ಕೂತು ನೋಡುವುದು

ಇದಕ್ಕೆ ಫಾರ್ಮಲಿನ್ ಬೇಡ, ಲ್ಯಾಪ್‌ಟಾಪ್ ಮತ್ತು ಇಂಟರ್‌ನೆಟ್ ಸಾಕು.

ಮೊದಲು ಅಮೆರಿಕದ ಸಿಯಾಟಲ್‌ನ ಅಲೆನ್ ಸಂಸ್ಥೆಯ ಮಾನವ ಮೆದುಳಿನ ಅಟ್ಲಾಸ್ ತೆರೆಯಿರಿ. 34 ವರ್ಷದ ಮಹಿಳೆಯೊಬ್ಬರ ಮೆದುಳು, 862 ಭಾಗಗಳಿಗೆ ಹೆಸರು. ಹೆಸರು ಕಲಿಯಲು ಇದೇ ಒಳ್ಳೆಯದು. ಆಮೇಲೆ ಐಐಟಿ ಮದ್ರಾಸ್‌ನ ಸುಧಾ ಗೋಪಾಲಕೃಷ್ಣನ್ ಬ್ರೇನ್ ಸೆಂಟರ್ 2024ರ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿದ ಧರಣಿ. ಗರ್ಭದಲ್ಲಿ ಬೆಳೆಯುತ್ತಿರುವ ಮಗುವಿನ ಮೆದುಳನ್ನು 5132 ಪದರಗಳಲ್ಲಿ ಕೋಶದ ಮಟ್ಟದಲ್ಲಿ ತೋರಿಸುತ್ತದೆ. ಪಕ್ಕದ ಚೆನ್ನೈನಲ್ಲಿ ಇಂಥ ಕೆಲಸ ನಡೆದು, ಜಗತ್ತಿಗೆಲ್ಲಾ ಉಚಿತವಾಗಿ ಸಿಗುತ್ತಿದೆ ಎನ್ನುವುದು ನನಗೆ ಬಹಳ ಸಂತೋಷದ ಸಂಗತಿ. ಹಾರ್ವರ್ಡ್‌ನ ನುಚ್ಚನ್ನೂ ಬ್ರೌಸರ್‌ನಲ್ಲೇ ತಿರುಗಿಸಿ ನೋಡಬಹುದು.

ಇವನ್ನೆಲ್ಲ ಒಮ್ಮೆ ಸುತ್ತಾಡಿದ ಮೇಲೆ ಒಂದು ಅಭ್ಯಾಸ ಮಾಡಿ.

1776ರಲ್ಲಿ ಇಟಲಿಯ ಪಾರ್ಮಾದಲ್ಲಿ ಫ್ರಾನ್ಚೆಸ್ಕೊ ಜೆನಾರಿ ಎಂಬ ವೈದ್ಯ ವಿದ್ಯಾರ್ಥಿ ಹೆಪ್ಪುಗಟ್ಟಿಸಿದ ಮೆದುಳನ್ನು ಕತ್ತರಿಸುತ್ತಿದ್ದ. ತಲೆಯ ಹಿಂಭಾಗದ ಬೂದು ಕಾರ್ಟೆಕ್ಸ್ ನಡುವೆ ಒಂದು ಬಿಳಿ ಗೆರೆ ಓಡುವುದು ಬರಿಗಣ್ಣಿಗೆ ಕಂಡಿತು. ಕಾರ್ಟೆಕ್ಸ್ ಎಲ್ಲ ಕಡೆ ಒಂದೇ ತರಹ ಇಲ್ಲ ಎಂದು ಮೊದಲು ಹೇಳಿದ್ದು ಆ ಗೆರೆ. ನೋಟದ ಕೆಲಸ ಮಾಡುವ ಜಾಗ ಅದು. ಬ್ರಾಡ್‌ಮನ್ 17 ಎಂದು ನಂಬರ್ ಕೊಟ್ಟದ್ದೂ ಇದಕ್ಕೇ.

ಯುರೋಪಿನ ಇಬ್ರೇನ್ಸ್ ತಾಣದಲ್ಲಿ ಬಿಗ್‌ಬ್ರೇನ್ ತೆರೆಯಿರಿ. ಮೆದುಳಿನ ತೀರಾ ಹಿಂಭಾಗಕ್ಕೆ ಹೋಗಿ. ಎರಡು ಅರ್ಧಗಳು ಒಂದನ್ನೊಂದು ನೋಡುವ ಒಳಗೋಡೆಯಲ್ಲಿ ಆಳವಾದ ಮಡಿಕೆ ಇದೆ, ಕ್ಯಾಲ್ಕರೈನ್ ಸಲ್ಕಸ್. ಅದರ ಅಂಚಿಗೆ ಝೂಮ್ ಮಾಡಿ. ಇಲ್ಲಿ ಬಣ್ಣ ಹತ್ತಿರುವುದು ಕೋಶಗಳಿಗೆ. ಎಳೆಗಳೇ ತುಂಬಿರುವ ಜೆನಾರಿಯ ಗೆರೆ ಎರಡು ಕಡು ಪಟ್ಟಿಗಳ ನಡುವೆ ತಿಳಿ ಪಟ್ಟಿಯಾಗಿ ಕಾಣುತ್ತದೆ. ಆ ತಿಳಿ ಪಟ್ಟಿಯನ್ನು ಕಣ್ಣಿನಿಂದ ಹಿಡಿದು ನಿಧಾನವಾಗಿ ಪಕ್ಕಕ್ಕೆ ಹೋಗುತ್ತಾ ಇರಿ. ಒಂದು ಜಾಗದಲ್ಲಿ ಅದು ಥಟ್ಟನೆ ನಿಂತುಬಿಡುತ್ತದೆ. ಮಸುಕಾಗುವುದಿಲ್ಲ, ನಿಲ್ಲುತ್ತದೆ. 17 ಮುಗಿದು 18 ಶುರುವಾಗುವ ಗಡಿ ಅದು. ಪರದೆಯಲ್ಲಿ ಆ ಜಾಗದ ಮೂರು ಅಂಕಿಗಳು ಇರುತ್ತವೆ. ನೋಟ್‌ಬುಕ್ ತೆಗೆದು ಬರೆದುಕೊಳ್ಳಿ.